ಬೀರುವಿನಲ್ಲಿದ್ದ ಅಭಿಮನ್ಯು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯ ಮೂಲೆಯಲ್ಲಿದ್ದ ಹಸಿರು ಬಣ್ಣದ ಕಬ್ಬಿಣದ ಬೀರು ನೆನಪಿರಬಹುದು. ಅದರ ಕೆಳಗಿನ ಖಾನೆಗೆ ನೀವು 'ಜೈಲು' ಎಂದು ಹೆಸರಿಟ್ಟಿದ್ದಿರೆಂಬುದು ನನಗೆ ಗೊತ್ತಿತ್ತು. ಬುಗುರಿ, ಗೋಲಿ, ಇಸ್ಪೀಟಿನ ಎಲೆ, ಸಿನಿಮಾ ತಾರೆಯರ ಚಿತ್ರ, ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರಕಥೆಯ ಪುಸ್ತಕಗಳು, ಹೀಗೆ ಪಾಠದ ನಡುವೆ ನಿಮ್ಮ ಕೈಯಿಂದ ನಾನು ಕಸಿದುಕೊಂಡದ್ದೆಲ್ಲವೂ ಅಲ್ಲಿ ಸೇರುತ್ತಿತ್ತು. ಇಂದು ಅರಸೀಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಇನ್ನೊಂದು ಬೀರು ಇದೆ. ಅದರಲ್ಲಿಯೂ ಅಂತಹವೇ ಚಿತ್ರಕಥೆಯ ಪುಸ್ತಕಗಳಿವೆ. ನನ್ನ ಮನೆಯವರು ಬಂದವರ ಮುಂದೆಲ್ಲ ನಗುತ್ತ ಹೇಳುವುದುಂಟು: "ಅವತ್ತು ಮಕ್ಕಳ ಕೈಯಿಂದ ಕಿತ್ಕೊಂಡಿದ್ದನ್ನ ಇವತ್ತು ದುಡ್ಡು ಕೊಟ್ಟು ತರ್ತಾ ಇದಾರೆ ನೋಡಿ."

ಈ ಹುಚ್ಚು ಹೇಗೆ ಹಿಡಿಯಿತು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಇದುವರೆಗೆ ಹಾರಿಕೆಯ ಉತ್ತರ ಕೊಟ್ಟು ತಪ್ಪಿಸಿಕೊಂಡಿದ್ದೇನೆ. ಇಂದು ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

1988ರ ಮಾತು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಬಿ.ಎಡ್. ತರಬೇತಿಯಲ್ಲಿ ಕಲಿತ ಶಿಸ್ತಿನ ಪಾಠಗಳು ಇನ್ನೂ ಬಿಸಿಯಾಗಿದ್ದ ಕಾಲ. ಒಂಬತ್ತನೆಯ ತರಗತಿಗೆ ಹೊಯ್ಸಳರ ಪಾಠ ನಡೆದಿತ್ತು. ಕಪ್ಪು ಹಲಗೆಯ ಮೇಲೆ ಇಸವಿಗಳನ್ನು ಬರೆದು ತಿರುಗಿ ನೋಡಿದರೆ ಕೊನೆಯ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿ ತೊಡೆಯ ಮೇಲೆ ಏನನ್ನೋ ಓದುತ್ತಿದ್ದ. ಹತ್ತಿರ ಹೋಗಿ ಎಳೆದುಕೊಂಡೆ. ಅಮರ ಚಿತ್ರಕಥೆಯ ಆರೇಳು ಕನ್ನಡ ಪುಸ್ತಕಗಳನ್ನು ಒಟ್ಟಿಗಿಟ್ಟು, ದಬ್ಬಣದಿಂದ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹೊದಿಸಿದ ಗಂಟು ಅದು. ಅವನು ಓದುತ್ತಿದ್ದುದು 'ಅಭಿಮನ್ಯು'. "ಪಾಠ ಬೇಡ, ಬೊಂಬೆ ಪುಸ್ತಕ ಬೇಕೇನೋ?" ಎಂದು ಗದರಿದೆ. ಹುಡುಗ ಮಾತನಾಡಲಿಲ್ಲ. ಪುಸ್ತಕ ಬೀರು ಸೇರಿತು. ಅವನು ಮೂರು ದಿನ ಸಂಜೆ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಪರೀಕ್ಷೆ ಮುಗಿದ ಮೇಲೆ ಕೊಡುತ್ತೇನೆಂದು ಹೇಳಿ ಕಳುಹಿಸಿದೆ.

ನಾನೇನೂ ಇಂತಹ ಪುಸ್ತಕಗಳನ್ನು ಅರಿಯದವನಲ್ಲ. ಚಿಕ್ಕವನಿದ್ದಾಗ ಗಣಿತದ ಪುಸ್ತಕದ ಮರೆಯಲ್ಲಿ 'ಚಂದಮಾಮ' ಇಟ್ಟುಕೊಂಡು ಓದಿ ತಂದೆಯವರಿಂದ ಪೆಟ್ಟು ತಿಂದವನೇ. ಶಂಕರ್ ಅವರು ಬರೆಯುತ್ತಿದ್ದ, ಬೇತಾಳವನ್ನು ಹೆಗಲಿಗೇರಿಸಿಕೊಂಡು ಕತ್ತಿ ಹಿರಿದು ನಡೆಯುವ ವಿಕ್ರಮನ ಚಿತ್ರಕ್ಕಾಗಿ ತಿಂಗಳಿಡೀ ಕಾಯುತ್ತಿದ್ದೆ. ನಮ್ಮ ಕನ್ನಡ ನಾಡಿನವರೇ ಆದ ಎಂ.ಟಿ.ವಿ. ಆಚಾರ್ಯರು ಆ ಪತ್ರಿಕೆಗೆ ಬರೆದ ಮಹಾಭಾರತದ ಮುಖಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದವರ ಮನೆಗಳನ್ನೂ ಕಂಡಿದ್ದೆ. ಆದರೆ ಮೇಷ್ಟ್ರ ಕುರ್ಚಿಯಲ್ಲಿ ಕುಳಿತವನಿಗೆ ತನ್ನ ಬಾಲ್ಯ ಮರೆತುಹೋಗುವುದು ಎಷ್ಟು ಸುಲಭ!

ಅದೇ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಜಾವಗಲ್ಲಿನ ದಾರಿಯಾಗಿ ಬೇಲೂರು, ಹಳೇಬೀಡುಗಳಿಗೆ ಪ್ರವಾಸ ಕರೆದೊಯ್ದೆವು. ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯ ಮುಂದೆ ನಿಂತು ನಾನು ಪಾಠ ಒಪ್ಪಿಸಿದೆ. ನಿರ್ಮಾಣದ ಆರಂಭ 1121ರ ಸುಮಾರಿಗೆ, ಬಳಪದ ಕಲ್ಲು, ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ಮಕ್ಕಳು ಬರೆದುಕೊಂಡರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ದನಿ ಕೇಳಿಸಿತು: "ಇದು ಚಕ್ರವ್ಯೂಹ ಕಣ್ರೋ, ಇವನೇ ಅಭಿಮನ್ಯು." ಅದೇ ಹುಡುಗ. ಕಲ್ಲಿನಲ್ಲಿ ಸುರುಳಿಯಾಗಿ ಹೆಣೆದಿರುವ ವ್ಯೂಹವನ್ನು ಬೆರಳಿನಿಂದ ತೋರಿಸುತ್ತ, ಯಾರು ಒಳಗೆ ಹೋದರು, ಯಾರು ಹೊರಗೆ ಉಳಿದರು, ಜಯದ್ರಥ ಯಾರನ್ನು ತಡೆದ ಎಂಬುದನ್ನೆಲ್ಲ ಹೇಳತೊಡಗಿದ. ಇಸವಿಗಳನ್ನು ಬರೆದುಕೊಳ್ಳುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ನನ್ನನ್ನು ಬಿಟ್ಟು ಅವನ ಸುತ್ತ ನೆರೆದರು. ಕಥೆಯನ್ನು ಚಿತ್ರಗಳ ಸಾಲಾಗಿ ಓದುವುದನ್ನು ಅವನು ಆಗಲೇ ಕಲಿತಿದ್ದ. ಪುಸ್ತಕದಲ್ಲಿ ಹಾಳೆ ತಿರುವುತ್ತೇವೆ, ಗುಡಿಯಲ್ಲಿ ನಾವೇ ತಿರುಗುತ್ತೇವೆ, ಅಷ್ಟೇ ವ್ಯತ್ಯಾಸ.

"ಇದೆಲ್ಲ ಎಲ್ಲಿ ಕಲಿತೆಯೋ?" ಎಂದು ಕೇಳಿದೆ. "ಆ ಪುಸ್ತಕದಲ್ಲಿತ್ತು ಸಾರ್" ಎಂದವನು ಸುಮ್ಮನಾದ.

ಊರಿಗೆ ಮರಳಿದ ಮರುದಿನವೇ ಬೀರುವಿನ ಬಾಗಿಲು ತೆಗೆದು ಅದನ್ನು ಅವನ ಕೈಗಿಡಬೇಕಾಗಿತ್ತು. ಇಡಲಿಲ್ಲ. ಹೇಳಿದ ಮಾತಿನಿಂದ ಹಿಂದೆ ಸರಿದರೆ ಹುಡುಗರು ತಲೆಯ ಮೇಲೆ ಕೂರುತ್ತಾರೆಂಬ ಬಿಂಕ. ಮಾರ್ಚಿಯಲ್ಲಿ ಶಾಲೆಯ ತಪಾಸಣೆ ಬಂದಿತು. ಬೀರು ಚೊಕ್ಕಟ ಮಾಡುವ ಹೊಣೆ ನನ್ನದೇ. ಹಳೆಯ ಉತ್ತರ ಪತ್ರಿಕೆಗಳೊಂದಿಗೆ ಕೆಳಗಿನ ಖಾನೆಯಲ್ಲಿದ್ದುದನ್ನೆಲ್ಲ ಮೂಟೆ ಕಟ್ಟಿಸಿ ಗುಜರಿಯವನಿಗೆ ತೂಕಕ್ಕೆ ಹಾಕಿಸಿದೆ. ಪರೀಕ್ಷೆ ಮುಗಿದ ದಿನ ಹುಡುಗ ಬಂದು ನಿಂತಾಗಲೇ ನನಗೆ ನೆನಪಾದದ್ದು. "ಎಲ್ಲೋ ಕಳೆದುಹೋಯಿತಪ್ಪ" ಎಂದೆ. ಅದು ಸುಳ್ಳು. ಅವನು ತಲೆಯಾಡಿಸಿ ಹೊರಟುಹೋದ.

ನಾನು 2020ರ ಮೇ ತಿಂಗಳಲ್ಲಿ ನಿವೃತ್ತನಾದೆ. ಕೊರೊನಾದ ಕಾಲ, ಬೀಳ್ಕೊಡುಗೆ ಇರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಆ ನೆಪದಲ್ಲಿ ಹಳೆಯ ವಿದ್ಯಾರ್ಥಿಗಳು ಹಳೇಬೀಡಿನಲ್ಲಿ ಸೇರಿ ನನ್ನನ್ನು ಕರೆಸಿದಿರಿ. ಅಂದು ಅವನೂ ಬಂದಿದ್ದ. ತಲೆ ನರೆತಿತ್ತು. ಅದೇ ಗೋಡೆಯ ಮುಂದೆ ನಿಂತಾಗ ನಾನೇ ಮಾತು ತೆಗೆದು, ಪುಸ್ತಕ ಕಳೆದಿರಲಿಲ್ಲ, ಗುಜರಿಗೆ ಹಾಕಿದ್ದೆ ಎಂದು ಒಪ್ಪಿಕೊಂಡೆ. "ಗೊತ್ತಿತ್ತು ಸಾರ್" ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: "ನಮ್ಮಣ್ಣ ಬೆಂಗಳೂರಲ್ಲಿ ಹೋಟೆಲ್ ಕೆಲಸಕ್ಕಿದ್ದ. ಹಬ್ಬಕ್ಕೆ ಬರುವಾಗೆಲ್ಲ ಒಂದೊಂದು ತರೋನು. ಪ್ರತಿಯೊಂದರ ಮೊದಲನೇ ಪುಟದಲ್ಲೂ ನನ್ನ ಹೆಸರು, ಯಾವ ಹಬ್ಬ ಅಂತ ಬರೆಯೋನು. ಅವನು ಹೋಗಿ ಹನ್ನೆರಡು ವರ್ಷ ಆಯ್ತು. ಅವನ ಅಕ್ಷರ ಅಂತ ಬೇರೆ ಏನೂ ಇಲ್ಲ ಸಾರ್."

ಅವನ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅದರ ಮುಂದಿನ ವಾರ ಬೆಂಗಳೂರಿಗೆ ಹೋಗಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆ. ನನ್ನ ಸಂಗ್ರಹ ಆರಂಭವಾದದ್ದು ಹೀಗೆ. ಮೊದಲ ದಿನವೇ ಮೋಸಹೋದೆ, ಅದೂ ನನ್ನ ಅಜ್ಞಾನದಿಂದಲೇ. 'ಹಳೆಯದು' ಎಂದು ಸಂಭ್ರಮದಿಂದ ತಂದದ್ದು ಮರುಮುದ್ರಣವಾಗಿತ್ತು. ಅಮರ ಚಿತ್ರಕಥೆಯ ಹಳೆಯ ಎಣಿಕೆಯಲ್ಲಿ 'ಕೃಷ್ಣ' 11ನೆಯದು. ಮುಂದೆ ಒಳ್ಳೆಯ ಕಾಗದದಲ್ಲಿ, ದಪ್ಪ ಹೊದಿಕೆಯೊಡನೆ ಮರುಮುದ್ರಿಸಿದಾಗ ಎಣಿಕೆಯನ್ನು 501ರಿಂದ ಆರಂಭಿಸಿದರು. ಸಂಖ್ಯೆ, ಮುದ್ರಿತ ಬೆಲೆ, ಕಾಗದ ಈ ಮೂರನ್ನೂ ಕೂಡಿಸಿ ನೋಡದೆ ಹಣ ಕೊಡಬಾರದೆಂಬುದು ನನ್ನ ಮೊದಲ ಪಾಠ.

ಹಾಗಾದರೆ 1ರಿಂದ 10ರವರೆಗೆ ಏನಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕಿದ ಉತ್ತರ ಕನ್ನಡಿಗರು ಹೆಮ್ಮೆಪಡುವಂಥದು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಎಂಬವರ ಸಲಹೆಯಿಂದ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಸಿಂಡರೆಲಾ, ಸ್ನೋವೈಟ್ ಮೊದಲಾದ ಪಾಶ್ಚಾತ್ಯ ಕಥೆಗಳ ಅನುವಾದಗಳವು. ನಮ್ಮ ಪುರಾಣ, ಇತಿಹಾಸಗಳ ಮಾಲೆಯನ್ನು ಕಟ್ಟಿ ಬೆಳೆಸಿದವರು 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಅವರು 2011ರಲ್ಲಿ ತೀರಿಕೊಂಡರು. 'ಕೃಷ್ಣ'ಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ಕನ್ನಡದ ಆ ಮೊದಲ ಹತ್ತರಲ್ಲಿ ಒಂದನ್ನೂ ನಾನು ಇದುವರೆಗೆ ಕಣ್ಣಾರೆ ಕಂಡಿಲ್ಲ.

ಏಕೆ ಸಿಗುವುದಿಲ್ಲ? ಇದಕ್ಕೆ ಉತ್ತರ ಅಮೆರಿಕದ ಕಥೆಯಲ್ಲಿಯೂ ಇದೆ. ಅಲ್ಲಿ ಚಿತ್ರಕಥೆಗಳ 'ಸುವರ್ಣ ಯುಗ' ಆರಂಭವಾದದ್ದು 1938ರಲ್ಲಿ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆ್ಯಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಿಂದ. ಅಂದು ಅದರ ಬೆಲೆ 10 ಸೆಂಟು. 2024ರಲ್ಲಿ ಅದರ ಒಂದು ಪ್ರತಿ 60 ಲಕ್ಷ ಡಾಲರಿಗೆ ಹರಾಜಾಯಿತು. ಲಕ್ಷಗಟ್ಟಲೆ ಅಚ್ಚಾದದ್ದು ಇಷ್ಟು ವಿರಳವಾದುದು ಹೇಗೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮನೆಯಿಂದ ಹಳೆಯ ಕಾಗದ ಸಂಗ್ರಹಿಸಿದಾಗ ಬಹಳಷ್ಟು ಹೋದವು. ಯುದ್ಧ ಮುಗಿದ ಮೇಲೆ ಹಿರಿಯರ ಸರದಿ ಬಂದಿತು. ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂಬ ಕೂಗೆದ್ದಿತು. 1948ರಲ್ಲಿ ಪಶ್ಚಿಮ ವರ್ಜೀನಿಯಾದ ಸ್ಪೆನ್ಸರ್ ಎಂಬ ಊರಿನ ಶಾಲೆಯಲ್ಲಿ ಸುಮಾರು 2000 ಚಿತ್ರಕಥೆಗಳನ್ನು ರಾಶಿ ಹಾಕಿ ಸುಟ್ಟರು. ಬೆಂಕಿ ಹಚ್ಚಿದವರು ಮಕ್ಕಳು. ಹಿಂದೆ ಇದ್ದವರು ಶಿಕ್ಷಕರು, ಪೋಷಕರು. ಅದನ್ನು ಓದಿದಾಗ ನನಗೆ ನಮ್ಮ ಹಸಿರು ಬೀರು ಕಣ್ಣಮುಂದೆ ಬಂದಿತು. ಹಳೆಯ ಚಿತ್ರಕಥೆಗಳನ್ನು ಅಪರೂಪದ ವಸ್ತುವನ್ನಾಗಿ ಮಾಡಿದವರು ಗೆದ್ದಲು, ಮಳೆ ಮಾತ್ರವಲ್ಲ, ನನ್ನಂತಹ ಮೇಷ್ಟ್ರುಗಳೂ ಹೌದು.

ನಿಮ್ಮಲ್ಲಿ ಯಾರಿಗಾದರೂ ಈ ಹವ್ಯಾಸ ಬೇಕೆನ್ನಿಸಿದರೆ, ಎರಡು ವರ್ಷಗಳಲ್ಲಿ ನಾನು ಕಲಿತಿಷ್ಟನ್ನು ಹೇಳುತ್ತೇನೆ. ಕಂಡದ್ದನ್ನೆಲ್ಲ ಕೊಳ್ಳಬೇಡಿ. ಒಂದು ಭಾಷೆ, ಒಂದು ಮಾಲೆ ಎಂದು ಗೆರೆ ಹಾಕಿಕೊಳ್ಳಿ. ಮುಖಪುಟಕ್ಕೆ ಮರುಳಾಗದೆ ನಡುವಿನ ಹಾಳೆಯನ್ನು ನೋಡಿ. ಪಿನ್ನು ತುಕ್ಕು ಹಿಡಿದಾಗ ಮೊದಲು ಕಳಚಿ ಬೀಳುವುದು ಅದೇ. ಅಗ್ಗದ ಕಾಗದದಲ್ಲಿ ಮರದ ಅಂಶ ಹಾಗೆಯೇ ಉಳಿದಿರುವುದರಿಂದ ಬೆಳಕು ಬಿದ್ದಷ್ಟೂ ಅದು ಕಂದಾಗಿ ಮುರಿಯುತ್ತದೆ. ಆದ್ದರಿಂದ ಬಿಸಿಲು, ತೇವ ಎರಡರಿಂದಲೂ ದೂರವಿಡಿ. ಹರಿದ ಕಡೆ ದಯವಿಟ್ಟು ಸೆಲೋ ಟೇಪು ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅದು ಹಳದಿ ಕಲೆಯಾಗಿ ಚಿತ್ರವನ್ನೇ ತಿನ್ನುತ್ತದೆ. ಒಂದೊಂದನ್ನೂ ಪ್ರತ್ಯೇಕ ಚೀಲದಲ್ಲಿ ಹಾಕಿ, ಹಿಂದೆ ರಟ್ಟಿನ ಆಸರೆ ಕೊಟ್ಟು, ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ಗಾಳಿಯಾಡಿಸಿ.

ಇನ್ನೊಂದು ಮಾತಿನಲ್ಲಿ ಮಾತ್ರ ನನಗೂ ಅಂಗಡಿಯವರಿಗೂ ಹೊಂದಿಕೆಯಾಗುವುದಿಲ್ಲ. ಪುಸ್ತಕದ ಮೇಲೆ ಯಾರಾದರೂ ಹೆಸರು ಬರೆದಿದ್ದರೆ ಅವರು ಅದನ್ನು ಕುಂದೆಂದು ಎಣಿಸಿ ಬೆಲೆ ಇಳಿಸುತ್ತಾರೆ. ಬೇಲೂರಿನ ಮದನಿಕೆಯರ ಕೆಳಗೆ ದಾಸೋಜ, ಚಾವಣ ಎಂದು ಶಿಲ್ಪಿಗಳು ಕೆತ್ತಿದ ಹೆಸರುಗಳನ್ನು ಒಂಬೈನೂರು ವರ್ಷಗಳ ಅನಂತರವೂ ನಾವು ಆಸೆಯಿಂದ ಓದುತ್ತೇವೆ. ಪೆನ್ಸಿಲಿನಲ್ಲಿ 'ಏಳನೇ ತರಗತಿ, ಬಿ ವಿಭಾಗ' ಎಂದು ಬರೆದುಕೊಂಡ ಮಗುವಿನ ಹೆಸರು ಮಾತ್ರ ಏಕೆ ಕುಂದಾಗಬೇಕು? ನಾನು ಈಗ ಹೆಸರಿರುವ ಪ್ರತಿಯನ್ನೇ ಹುಡುಕಿ ಕೊಳ್ಳುತ್ತೇನೆ. ನನ್ನಲ್ಲಿರುವ 63 ಕನ್ನಡದ ಅಮರ ಚಿತ್ರಕಥೆಗಳಲ್ಲಿ 22ರ ಮೇಲೆ ಯಾರದೋ ಕೈಬರಹವಿದೆ. ಪ್ರತಿ ಸಲವೂ ಮೊದಲ ಪುಟ ತೆರೆಯುವಾಗ ಎದೆ ಡವಗುಟ್ಟುತ್ತದೆ.

ಕಳೆದ ಯುಗಾದಿಗೆ ಆ ನನ್ನ ವಿದ್ಯಾರ್ಥಿ ಮಗಳೊಂದಿಗೆ ಮನೆಗೆ ಬಂದಿದ್ದ. ಅವೆನ್ಯೂ ರಸ್ತೆಯಲ್ಲಿ ದೊರೆತ ಹಳೆಯ ಮುದ್ರಣದ 'ಅಭಿಮನ್ಯು'ವನ್ನು ಅವನ ಕೈಗಿತ್ತೆ. ಮೊದಲ ಪುಟ ತೆರೆದು, ಖಾಲಿ ಜಾಗವನ್ನು ಒಂದು ಕ್ಷಣ ನೋಡಿದ. ನಂತರ ನನ್ನ ಮುಂದೆ ಹಿಡಿದು, "ನೀವೇ ಬರೆದುಕೊಡಿ ಸಾರ್" ಎಂದ. ಕೈ ನಡುಗಿತು. ಅವನ ಹೆಸರು ಬರೆದು, ಕೆಳಗೆ 'ಯುಗಾದಿ' ಎಂದು ಬರೆದೆ. ಅವನ ಅಣ್ಣ ಬರೆದದ್ದಕ್ಕೆ ಅದು ಸಾಟಿಯಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಕೊನೆಯದಾಗಿ ನಿಮ್ಮೆಲ್ಲರಲ್ಲಿ ಒಂದು ಬೇಡಿಕೆ. ಮನೆ ಸುಣ್ಣಬಣ್ಣಕ್ಕೆಂದೋ ಮಾರಾಟಕ್ಕೆಂದೋ ಅಟ್ಟ ಖಾಲಿ ಮಾಡುವಾಗ, ಹಳೆಯ ಪುಸ್ತಕದ ಗಂಟನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಗೋಣಿದಾರದಲ್ಲಿ ಹೊಲಿದು ಕ್ಯಾಲೆಂಡರಿನ ರಟ್ಟು ಹೊದಿಸಿದ ಗಂಟೊಂದು ಸಿಕ್ಕಿ, ಅದರ ಪುಟಗಳ ಮೇಲೆ ಹಬ್ಬಗಳ ಹೆಸರಿದ್ದರೆ, ನನಗೊಂದು ಮಾತು ತಿಳಿಸಿ. ಮೂವತ್ತೈದು ವರ್ಷ ದಾಟಿದೆ, ಸಿಗಲಾರದು ಎಂದು ಬುದ್ಧಿ ಹೇಳುತ್ತದೆ. ಆದರೂ ಹುಡುಕುತ್ತಿದ್ದೇನೆ. ಇನ್ನು, ಆ ಬೀರುವಿನಲ್ಲಿ ನಿಮ್ಮ ಪುಸ್ತಕವೂ ಇದ್ದಿದ್ದರೆ ಅದರ ಹೆಸರನ್ನು ಬರೆದು ಕಳುಹಿಸಿ. ನಾನು ಪಟ್ಟಿ ಮಾಡುತ್ತಿದ್ದೇನೆ.