ನಾದಶಿಲೆಯೂ ಸ್ವರಪ್ರಸ್ತಾರವೂ

ಬಳ್ಳಾರಿಗೆ ಸಮೀಪದಲ್ಲಿ, ಸಂಗನಕಲ್ಲು ಕಪ್ಪಗಲ್ಲು ಗ್ರಾಮಗಳ ನೆರೆಯಲ್ಲಿ, ಹಿರೇಗುಡ್ಡವೆಂಬ ಬೆಟ್ಟವುಂಟು. ಅದರ ಮೇಲೆ ಹಾದುಹೋಗಿರುವ ಕರಿಯ ಶಿಲೆಯ ಏಣಿನಲ್ಲಿ ನೀಳವಾದ ಕೊಂಬುಗಳುಳ್ಳ ಗೂಳಿಗಳ ಚಿತ್ರಗಳು ಕೆತ್ತಲ್ಪಟ್ಟಿವೆ. ಅವುಗಳಲ್ಲಿ ಅನೇಕವು ನವಶಿಲಾಯುಗದ ದನಗಾಹಿಗಳ ಕೈಕೆಲಸ. ಫಾಸೆಟ್ ಎಂಬಾತನು 1892 ರಲ್ಲಿಯೇ ಈ ಚಿತ್ರಗಳ ವಿಚಾರವಾಗಿ ಬರೆದನು. 2004 ರಲ್ಲಿ ನಿಕೋಲ್ ಬೋಯಿವಿನ್ ಎಂಬ ವಿದುಷಿಯು ಪ್ರಕಟಿಸಿದ ಲೇಖನದಿಂದ ಇನ್ನೊಂದು ವಿಶೇಷವು ಲೋಕಕ್ಕೆ ತಿಳಿಯಿತು. ಅಲ್ಲಿಯ ಕೆಲವು ಬಂಡೆಗಳಲ್ಲಿ ಕುಟ್ಟಿ ಕುಟ್ಟಿ ಸವೆದ ಗುಳಿಗಳಿವೆ. ಆ ಗುಳಿಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತಹ ನಾದವು ಹೊರಡುವುದು.

ವೀಣೆಯ ತಂತಿಯನ್ನು ಬಿರಡೆಯಿಂದ ಬಿಗಿಯಬಹುದು, ಸಡಿಲಿಸಬಹುದು. ಬಂಡೆಗೆ ಬಿರಡೆಯಿಲ್ಲ. ತನ್ನ ಗಾತ್ರ, ಆಕಾರ, ಕುಳಿತ ನೆಲೆ ಇವು ವಿಧಿಸಿದ ಶ್ರುತಿಯಲ್ಲಿಯೇ ಅದು ನುಡಿಯತಕ್ಕದ್ದು. ಲಯವೊಂದನ್ನು ಬಿಟ್ಟರೆ, ಯಾವ ಕಲ್ಲು ಮೊದಲು, ಯಾವುದು ಅನಂತರ ಎಂಬ ಕ್ರಮವೇ ಬಾರಿಸುವವನಿಗೆ ಉಳಿದ ಸ್ವಾತಂತ್ರ್ಯ.

ಈ ಕ್ರಮದ ವಿಚಾರವನ್ನು ನಮ್ಮ ಶಾಸ್ತ್ರಕಾರರು ಕೂಲಂಕಷವಾಗಿ ನಡೆಸಿದ್ದಾರೆ. 13 ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಸಪ್ತಕವನ್ನು 22 ಶ್ರುತಿಗಳಾಗಿ ವಿಭಾಗಿಸಿ, ಸ್ವರಗಳಿಗೆ ಕ್ರಮವಾಗಿ 4, 3, 2, 4, 4, 3, 2 ಎಂದು ಹಂಚಿದನು. ಏಳು ಸ್ವರಗಳನ್ನು ಒಂದನ್ನೂ ಪುನರುಚ್ಚರಿಸದೆ ಜೋಡಿಸಿದರೆ 5040 ತಾನಗಳಾಗುವುವೆಂದು ಎಣಿಸಿದನು. ಸ, ರಿ, ಗ ಮೂರನ್ನೇ ತೆಗೆದುಕೊಂಡರೆ ಸರಿಗ, ರಿಸಗ, ಸಗರಿ, ಗಸರಿ, ರಿಗಸ, ಗರಿಸ ಎಂದು ಆರು. ಇಂತಿಷ್ಟನೆಯ ಸಂಖ್ಯೆಯ ತಾನವು ಯಾವುದೆಂದು ಕಂಡುಹಿಡಿಯುವುದು ‘ನಷ್ಟ’. ಕೊಟ್ಟ ತಾನದ ಸಂಖ್ಯೆಯನ್ನು ಹೇಳುವುದು ‘ಉದ್ದಿಷ್ಟ’. ನಾಲ್ಕನೆಯದು ಮರೆತುಹೋಯಿತೆಂದರೆ, ಖಂಡಮೇರುವೆಂಬ ಕೋಷ್ಠಕವು ‘ಗಸರಿ’ಯನ್ನು ಹಿಂದಕ್ಕೆ ತಂದುಕೊಡುವುದು. ಈ ಗ್ರಂಥಕ್ಕೆ ಕಲ್ಲಿನಾಥನು 15 ನೆಯ ಶತಮಾನದಲ್ಲಿ ವ್ಯಾಖ್ಯಾನವನ್ನು ರಚಿಸಿದ್ದು ಬಳ್ಳಾರಿಗೆ ದೂರವಲ್ಲದ ವಿಜಯನಗರದಲ್ಲಿ.

ಯೂರೋಪಿನಲ್ಲಿ ಷೋನ್‌ಬರ್ಗನು 1920 ರ ದಶಕದ ಆದಿಯಲ್ಲಿ ಇದಕ್ಕೆ ಹತ್ತಿರದ ಒಂದು ಪದ್ಧತಿಯನ್ನು ಸ್ಥಾಪಿಸಿದನು. ಹನ್ನೆರಡು ಸ್ವರಸ್ಥಾನಗಳನ್ನು ಒಂದು ಪಂಕ್ತಿಯಾಗಿ ನಿಲ್ಲಿಸಿ, ಅದನ್ನು ನೇರವಾಗಿಯೂ ಹಿಮ್ಮುಖವಾಗಿಯೂ ಏರಿಳಿತಗಳನ್ನು ಅದಲುಬದಲು ಮಾಡಿಯೂ ಕೃತಿಯನ್ನು ಕಟ್ಟುವುದು ಆ ಪದ್ಧತಿ. ಅಂತಹ ಪಂಕ್ತಿಗಳು 47,90,01,600 ಆಗಬಲ್ಲವು. ಅಲ್ಲಿ ಹನ್ನೆರಡು ಅಂತರಗಳೂ ಸಮನಾಗಿರುವುದರಿಂದ ಪಂಕ್ತಿಯನ್ನು ಎಲ್ಲಿಂದ ಆರಂಭಿಸಿದರೂ ಅದರ ರೂಪವು ಕೆಡುವುದಿಲ್ಲ. ಅಂತರಗಳು ವಿಷಮವಾದರೆ ಹಾಗಲ್ಲ. ಪಂಕ್ತಿಯ ರೂಪವನ್ನು ಉಳಿಸಬೇಕಾದರೆ ಹೊಸ ಸೂಕ್ಷ್ಮಸ್ಥಾನಗಳನ್ನು ಸೇರಿಸುತ್ತ ಹೋಗಬೇಕು. ಅಮೆರಿಕೆಯ ಬೆನ್ ಜಾನ್‌ಸ್ಟನ್ನನು 1964 ರ ತನ್ನ ಎರಡನೆಯ ತಂತುವಾದ್ಯ ಚತುಷ್ಟಯದಲ್ಲಿ ಈ ಕಷ್ಟವಾದ ದಾರಿಯನ್ನೇ ಹಿಡಿದನು. ನಮ್ಮವರು ರೂಪಭೇದವನ್ನೇ ಲಾಭವೆಂದೆಣಿಸಿದರು. ಮೋಹನದ ರಿಷಭವನ್ನು ಷಡ್ಜವೆಂದು ಭಾವಿಸಿ ಅವೇ ಸ್ವರಗಳನ್ನು ಹಾಡಿದರೆ ಮಧ್ಯಮಾವತಿಯು ತಾನಾಗಿ ಮೈದೋರುವುದು.

ಹಿರೇಗುಡ್ಡದ ಬಂಡೆಗಳ ಶ್ರುತಿಗಳು ಯಾವ ಶಾಸ್ತ್ರಕ್ಕೂ ಕಟ್ಟುಬಿದ್ದವಲ್ಲ. ಆದರೂ ಅವುಗಳ ಮೇಲೆ ಪಂಕ್ತಿಯನ್ನು ಕಟ್ಟಬಯಸುವವನಿಗೆ ಮೇರುವಿನ ಗಣಿತವು ಯಥಾವತ್ತಾಗಿ ಸಲ್ಲುವುದು. ಏಳು ಕಲ್ಲುಗಳಿದ್ದರೆ 5040 ಪಂಕ್ತಿಗಳು. ಒಂದು ಕಲ್ಲು ಒಡೆದರೆ ಉಳಿಯುವುದು 720 ಮಾತ್ರ. ಕಳೆದುಹೋದ ಪಂಕ್ತಿಯನ್ನು ನಷ್ಟಪ್ರಕ್ರಿಯೆಯು ಹುಡುಕಿಕೊಡುವುದೇ ಹೊರತು, ಒಡೆದ ಕಲ್ಲಿನ ಧ್ವನಿಯನ್ನು ಯಾವ ಕೋಷ್ಠಕವೂ ಹಿಂದಿರುಗಿಸಲಾರದು.

ಈ ಮಾತು ಬರಿಯ ಕಲ್ಪನೆಯಲ್ಲ. ಕಲ್ಲುಗಣಿಯ ಕೆಲಸದಿಂದ ಆ ಗುಡ್ಡದ ಕೆಲವು ಚಿತ್ರಗಳು ಹಾಳಾಗಿದ್ದ ಸಂಗತಿಯು 2004 ರಲ್ಲಿಯೇ ಪ್ರಕಟವಾಗಿತ್ತು. ಸಂಗನಕಲ್ಲಿನ ಶಿಲಾಯುಧಗಳನ್ನು ಬಳ್ಳಾರಿಯ ವಸ್ತುಸಂಗ್ರಹಾಲಯದ ಗಾಜಿನೊಳಗೆ ಇಟ್ಟು ಕಾಪಾಡಬಹುದು. ನಾದಶಿಲೆಯನ್ನು ಹಾಗೆ ಎತ್ತಿ ತರುವಂತಿಲ್ಲ, ನೆಲೆ ತಪ್ಪಿದರೆ ಅದರ ನಾದವೂ ತಪ್ಪೀತು. ಆದಕಾರಣ ಅದನ್ನು ಉಳಿಸಬೇಕೆನ್ನುವವರು ಬೆಟ್ಟವನ್ನೇ ಉಳಿಸಬೇಕು. ಮಕ್ಕಳಿಗೆ ಮನೆಯಲ್ಲಿ ಸಂಗೀತಪಾಠ ಹೇಳಿಸುವ ತಂದೆತಾಯಿಗಳು ಒಂದು ಭಾನುವಾರ ಅವರನ್ನು ಅಲ್ಲಿಗೆ ಕರೆದೊಯ್ದು, ಆ ಸವೆದ ಗುಳಿಗಳನ್ನು ತೋರಿಸಿದರೆ, ಆ ಬೆಟ್ಟದ ಬೆಲೆಯನ್ನು ಅರಿತವರ ಸಂಖ್ಯೆಯಾದರೂ ಬೆಳೆದೀತು.