ಹಗಲು ನೋಡುವ ಬೀಜ

ಕಳೆದ ವಾರ ರಾತ್ರಿ ಕೆನಡಾದ ಎಡ್ಮಂಟನ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ನಗುತ್ತ, "ಸರ್, ನಮ್ಮ ಬಾಜೂ ಮನಿಯಾಂವ ಹಿತ್ತಲದಾಗ ಗಾಂಜಾ ಹಚ್ಚತಾನ್ರಿ. ಎರಡು ವರ್ಷ ಆತು, ಹೂವು ಬಲಿಯೂದ್ರಾಗ ಹಿಮ ಬಿದ್ದು ಎಲ್ಲಾ ಹಾಳಾತು. ನಾನು ರೈತರ ಮಗ ಅಂತ ಯಾವ ಬೀಜ ಹಾಕಲಿ ಅಂತ ನನ್ನ ಕೇಳ್ತಾನ" ಎಂದ. ಓದುಗರು ಗಾಬರಿಯಾಗಬೇಕಿಲ್ಲ. 2018ರ ಅಕ್ಟೋಬರಿನಿಂದ ಆ ದೇಶದಲ್ಲಿ ಅದು ಕಾನೂನುಬದ್ಧ. ಆತನಿರುವ ಪ್ರಾಂತದಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡಗಳ ಮಿತಿಯಿದೆ. ನಮ್ಮಲ್ಲಾದರೋ 1985ರ ಕಾಯ್ದೆಯಂತೆ ಅನುಮತಿಯಿಲ್ಲದೆ ಒಂದು ಗಿಡ ಬೆಳೆದರೂ ಅಪರಾಧವೇ.

ಗಾಂಜಾದ ಕೃಷಿ ನನಗೆ ತಿಳಿಯದು. ಆದರೆ ಅದರ ಸಸ್ಯಶಾಸ್ತ್ರ ತಿಳಿಯದ್ದಲ್ಲ. ಸಾಮಾನ್ಯ ಗಾಂಜಾ ಗಿಡ ಹಗಲು ಕುಗ್ಗುವವರೆಗೆ ಹೂ ಬಿಡದು. ಎಡ್ಮಂಟನ್ನಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 17 ತಾಸು. ಅದು ಸಾಕಷ್ಟು ಇಳಿಯುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ. ಹೂ ಬಲಿಯಲು ಇನ್ನೂ ಎರಡು ತಿಂಗಳು ಬೇಕು. ಸೆಪ್ಟೆಂಬರಿನಲ್ಲಿಯೇ ಹಿಮ ಕಾದು ಕುಳಿತಿರುತ್ತದೆ. ಅಂಥ ಸೀಮೆಗೆಂದೇ ರಷ್ಯದ ಕಡೆಯ ರುಡೆರಾಲಿಸ್ ಎಂಬ ಕಾಡುತಳಿಯನ್ನು ಕೂಡಿಸಿದ ಬೀಜಗಳಿವೆ. ಅವು ಹಗಲನ್ನು ನೋಡುವುದಿಲ್ಲ. ಮೊಳೆತ ಕೆಲವೇ ವಾರಗಳಿಗೆ ಹೂ ಬಿಡುತ್ತವೆ. ಗಿಡ ಮಾತ್ರ ಗಿಡ್ಡ, ಫಲವೂ ಕಡಿಮೆ.

ಇಷ್ಟು ಹೇಳಿ ಮುಗಿಸಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಇದೇ ವಿಷಯದಲ್ಲಿ ಅರ್ಧ ಶತಮಾನದ ಹಿಂದೆ ನಾನು ಮಾಡಿದ ತಪ್ಪು ನೆನಪಾಯಿತು.

1975ರ ಮಾತು. ಆಗ ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ ಉತ್ಸಾಹಿ. ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಅಮೆರಿಕದ ವಿಜ್ಞಾನಿಗಳು 1920ರಲ್ಲಿ ತಂಬಾಕಿನ ಗಿಡ ಹಗಲಿನ ಅಳತೆ ನೋಡಿ ಹೂ ಬಿಡುವುದನ್ನು ಕಂಡುಹಿಡಿದ ಕಥೆಯನ್ನು ತರಗತಿಯಲ್ಲಿ ರಸವತ್ತಾಗಿ ಹೇಳುತ್ತಿದ್ದೆ. ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿದ್ದೀತು. ಗಿಣಿಗೇರಿಯಲ್ಲಿ ನಮಗೆ ಎಂಟು ಎಕರೆ ಒಣಹೊಲ. ತುಂಗಭದ್ರೆಯ ಹಿನ್ನೀರು ಹತ್ತಿರವೇ ಇದ್ದರೂ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿಯ ಕಡೆಗೆ ಹರಿಯಿತು. ನಮ್ಮ ಪಾಲಿಗೆ ಉಳಿದದ್ದು ಮುಗಿಲು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು.

ನಮ್ಮ ಊರಿನ ಮುಂಗಾರಿ ಜೋಳ ಬಲಿಯಲು ನಾಲ್ಕೂವರೆ ತಿಂಗಳು ತೆಗೆದುಕೊಳ್ಳುತ್ತಿತ್ತು. 1964ರಲ್ಲಿ ಬಿಡುಗಡೆಯಾದ ದೇಶದ ಮೊದಲ ಸಂಕರಣ ಜೋಳ ಸಿ.ಎಸ್.ಎಚ್.-1 ಸುಮಾರು ನೂರು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆಂದು ಓದಿದ್ದೆ. ಮಳೆಗಾಲ ಚಿಕ್ಕದು, ಬೆಳೆಯೂ ಚಿಕ್ಕದಿರಲಿ: ನನ್ನ ತರ್ಕ ಅಷ್ಟೇ. ಅಣ್ಣ ಒಪ್ಪಲಿಲ್ಲ. "ತಮ್ಮಾ, ನಮ್ಮ ಜೋಳಕ್ಕ ಮಳಿ ಯಾವಾಗ ಹೋಗ್ತೈತಿ ಅಂತ ಗೊತ್ತೈತಿ" ಎಂದಿದ್ದ. ನಾನು ನಕ್ಕೆ. ಜೋಳಕ್ಕೆ ಪಂಚಾಂಗ ಓದಲು ಬರುತ್ತದೆಯೇ ಎಂದು ಕೇಳಿದೆ. ಕೊನೆಗೆ ಓದಿದ ತಮ್ಮನ ಮಾತಿಗೆ ಬೆಲೆ ಕೊಟ್ಟು ಐದು ಎಕರೆ ಎರೆಹೊಲಕ್ಕೆ ಆರಿದ್ರಾ ಮಳೆಗೆ ನನ್ನ ಬೀಜವನ್ನೇ ಬಿತ್ತಿದ.

ಬೆಳೆ ನೋಡಲು ಚಂದವಿತ್ತು. ಆಗಸ್ಟ್ ಕೊನೆಗೇ ತೆನೆ ಹಾಯ್ದು, ಕಾಳು ತುಂಬಿತು. ಆಗ ಹುಬ್ಬೆ ಹಿಡಿಯಿತು, ಬೆನ್ನಿಗೇ ಉತ್ತರೆ. ಹನ್ನೊಂದು ದಿನ ಬಿಸಿಲು ಕಾಣಲಿಲ್ಲ. ಒತ್ತಾದ ತೆನೆಗಳಲ್ಲಿ ನೀರು ನಿಂತು ಕಾಳಿನ ಮೇಲೆ ಗುಲಾಬಿ, ಆಮೇಲೆ ಕಪ್ಪು ಬೂಷ್ಟು. ಪಕ್ಕದ ಹೊಲದ ಹಳೆಯ ಜೋಳ ಇನ್ನೂ ಹಸಿರಾಗಿ ನಿಂತಿತ್ತು. ಮಳೆ ಹೊರಟ ಮೇಲೆ ಬಲಿಯಿತು. ಗಿಣಿಗೇರಿಯ ಅತಿ ದೀರ್ಘ ಹಗಲಿಗೂ ಅತಿ ಕಿರು ಹಗಲಿಗೂ ಎರಡು ತಾಸಿನ ಅಂತರವೂ ಇಲ್ಲ. ಅಷ್ಟು ಸೂಕ್ಷ್ಮವನ್ನು ಆ ಜೋಳ ಅಳೆಯುತ್ತಿತ್ತು. ಪಾಠ ಹೇಳುತ್ತಿದ್ದ ನನಗೆ ತಂಬಾಕು ಕಂಡಿತ್ತು, ಮನೆಯ ಜೋಳ ಕಂಡಿರಲಿಲ್ಲ.

ಕರಿ ಜೋಳಕ್ಕೆ ಪೇಟೆಯಲ್ಲಿ ಬೆಲೆ ಬರಲಿಲ್ಲ. ಕಣಿಕೆ ಗಿಡ್ಡವಾಗಿ ದನಗಳಿಗೆ ಮೇವು ಸಾಲಲಿಲ್ಲ. ಬೇಸಿಗೆಯಲ್ಲಿ ಅಣ್ಣ ಒಂದೆತ್ತು ಮಾರಿದ. ಆ ವರ್ಷವಿಡೀ ಮನೆಯಲ್ಲಿ ಬೂದು ಬಣ್ಣದ, ಕಹಿ ರೊಟ್ಟಿ. ಅಣ್ಣ ನನ್ನೆದುರು ಕುಳಿತು ಅದನ್ನೇ ಉಂಡ, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮರುವರ್ಷ ಬಿತ್ತನೆಗೆ ಹಳೆಯ ಬೀಜ ಎಲ್ಲಿಂದ ತರುವುದೆಂದು ನಾನು ಕುಗ್ಗಿ ಕುಳಿತಾಗ ಅತ್ತಿಗೆ ಅಟ್ಟದಿಂದ ಗಡಿಗೆಯೊಂದನ್ನು ಇಳಿಸಿದರು. ಬೂದಿ, ಬೇವಿನೆಲೆ ಬೆರೆಸಿದ ಊರ ಜೋಳ. ನನ್ನ ಉಪನ್ಯಾಸ ನಡೆಯುತ್ತಿದ್ದಾಗಲೇ ತೆಗೆದಿಟ್ಟಿದ್ದರಂತೆ.

ಬೇಗ ಬರುವ ಬೀಜ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಮ್ಮ ಮಸಾರಿ ಹೊಲದಲ್ಲಿ ತೇವ ನಿಲ್ಲದು. ಅಲ್ಲಿಗೆ ಎಂಬತ್ತೈದು ದಿನದ ಸಜ್ಜೆಯೇ ಸರಿ. ಮುಂದೆ ಟೋಗೊ ದೇಶದ ಮೂಲದ, ಇಕ್ರಿಸ್ಯಾಟಿನವರ ಐ.ಸಿ.ಟಿ.ಪಿ. 8203 ಎಂಬ ದಪ್ಪ ಕಾಳಿನ ಸಜ್ಜೆಯನ್ನು ಅಣ್ಣ ತಾನಾಗಿಯೇ ತಂದು ಬಿತ್ತಿದ. ಈ ಸಲ ನನ್ನನ್ನು ಕೇಳಲಿಲ್ಲ.

ಮೊನ್ನೆ ನಾನೇ ಎಡ್ಮಂಟನ್ನಿಗೆ ಕರೆ ಮಾಡಿದೆ. ಹಿಮ ಬೀಳುವ ದಿನದಿಂದ ಹಿಂದಕ್ಕೆ ಎಣಿಸು, ಹೂ ಬಲಿಯುವಾಗ ಅಲ್ಲಿ ಮಳೆ ಇರುತ್ತದೋ ಎಂಬುದನ್ನೂ ಕೇಳು, ಆಮೇಲೆ ಬೀಜದ ಮಾತು ಎಂದೆ. ಆತ, "ಸರ್, ನಿಮ್ಮ ಅಣ್ಣಾರ ಜೋಳ ಇನ್ನೂ ಐತೇನ್ರಿ?" ಎಂದು ಕೇಳಿದ. ಇಲ್ಲ. ಅಣ್ಣನೂ ಇಲ್ಲ, ಅತ್ತಿಗೆಯೂ ಇಲ್ಲ. ಆ ಎರೆಹೊಲದ ಮೇಲೆ ಈಗ ಕಾರ್ಖಾನೆಯೊಂದರ ಗೋಡೆ ನಿಂತಿದೆ. ಗಡಿಗೆ ಮಾತ್ರ ನಮ್ಮ ಮನೆಯಲ್ಲಿದೆ. ನನ್ನ ಶ್ರೀಮತಿ ಅದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಾಳೆ.