ಒಂದು ಸೊಳ್ಳೆಗೆ ಒಂದಾಣೆ

ಗೆಳೆಯರೆಲ್ಲ ಸೇರಿ ಭಾನುವಾರ ಎಂಟಕ್ಕೆ ಹೊರಡೋಣ ಎಂದರೆ ಹನ್ನೊಂದಕ್ಕೆ ಹೊರಟರೂ ಪುಣ್ಯ. ಒಬ್ಬನಿಗೆ ಸ್ನಾನ ಆಗಿರುವುದಿಲ್ಲ, ಇನ್ನೊಬ್ಬನನ್ನು ಹೆಂಡತಿ ತರಕಾರಿಗೆ ಅಟ್ಟಿರುತ್ತಾಳೆ, ಮೂರನೆಯವನು ಹಾಸಿಗೆಯಲ್ಲೇ ಹೊರಳುತ್ತ ‘ಹೊರಟೆ’ ಎಂದು ಮೆಸೇಜ್ ಹಾಕಿರುತ್ತಾನೆ. ಹೈದರಾಬಾದಿನ ಬಿಸಿಲಲ್ಲಿ ಆ ಹೊತ್ತಿಗೆ ಗೋಲ್ಕೊಂಡ ಹತ್ತುವುದು ಸುಳ್ಳು. ಹಾಗಾಗಿ ನಮ್ಮ ಸವಾರಿ ಬೇಗಂಪೇಟೆ ದಾಟುವುದು ಅಪರೂಪ. ಎಲ್ಲರಿಗೂ ಮೆಟ್ರೊ ಅನುಕೂಲ, ಬೇರೆ ಘನ ಕಾರಣವಿಲ್ಲ.

ಬೇಗಂಪೇಟೆಯ ಪಾಡು ವಿಚಿತ್ರ. ಫ್ಲೈಓವರ್ ಮೇಲೆ ಇಡೀ ಊರೇ ಇದನ್ನು ದಾಟುತ್ತದೆ, ಇಳಿಯುವವರು ಕಡಿಮೆ. ಹಿಂದೆ ವಿಮಾನಗಳಾದರೂ ಇಳಿಯುತ್ತಿದ್ದವು. 2008ರ ಮಾರ್ಚಿನಲ್ಲಿ ಶಂಷಾಬಾದ್ ನಿಲ್ದಾಣ ಶುರುವಾಗಿ ಪ್ರಯಾಣಿಕರೆಲ್ಲ ಅತ್ತ ಹೋದರು.

ನಮ್ಮ ಪೈಕಿ ಕಲಬುರಗಿಯವನಿಗೆ ಮಾತ್ರ ಇದು ಪರವೂರಲ್ಲ. 1956ರ ನವೆಂಬರ್ 1ರವರೆಗೆ ಅವನ ಜಿಲ್ಲೆಗೆ ರಾಜಧಾನಿ ಇದೇ ತಾನೆ! ಅವನ ಅಜ್ಜ ಓದಿದ್ದು ಉರ್ದುವಿನಲ್ಲಿ, ಹೊಲದ ಹಳೇ ಕಾಗದಪತ್ರ ಉರ್ದುವಿನಲ್ಲಿ. ಅವನ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಬಿದ್ದ ರೈಲು ಹಳಿ ಬೇಗಂಪೇಟೆ ಸ್ಟೇಷನ್ನಿನ ಮೇಲೆಯೇ ಹೋಗುತ್ತದೆ. ಇವನು ಆಟೋದವನ ಜೊತೆ ದಖನಿಯಲ್ಲಿ ಎರಡು ಮಾತಾಡಿದರೆ ಬಾಡಿಗೆ ಇಳಿಯುತ್ತದೆ. ನಮ್ಮ ಮೈಸೂರಿನವನು ಸಿನಿಮಾ ನೋಡಿ ಕಲಿತ ತೆಲುಗಿನಲ್ಲಿ ಬಾಯಿ ಬಿಟ್ಟರೆ ಏರುತ್ತದೆ.

ಈ ಸಲ ಇಲ್ಲಿನ ಸ್ಪ್ಯಾನಿಷ್ ಮಸೀದಿಯನ್ನು ಹೊರಗಿನಿಂದಲೇ ನೋಡಿದೆವು. 1906ರ ಕಟ್ಟಡ. ಫಲಕ್‌ನುಮಾ ಅರಮನೆ ಕಟ್ಟಿಸಿದ ವಿಕಾರ್-ಉಲ್-ಉಮ್ರಾ ಅವರದೇ ಇದೂ. ಗುಮ್ಮಟದ ಬದಲು ಚೂಪು ಗೋಪುರ. ಅರಮನೆ ಕಟ್ಟಿಸಿ ಸಾಲಕ್ಕೆ ಬಿದ್ದರೂ ಹವ್ಯಾಸ ಬಿಡದ ಮನುಷ್ಯ ನನಗೆ ಇಷ್ಟ.

ಆದರೆ ನನ್ನನ್ನು ಕೇಳಿದರೆ ಇಲ್ಲಿ ನೋಡಬೇಕಾದ್ದು ಹಳೆಯ ವಿಮಾನ ನಿಲ್ದಾಣದ ಹತ್ತಿರದ ರೊನಾಲ್ಡ್ ರಾಸ್ ಕಟ್ಟಡ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಅವರು ಕಂಡದ್ದು 1897ರ ಆಗಸ್ಟ್ 20ರಂದು. 1902ರಲ್ಲಿ ನೊಬೆಲ್ ಬಂತು. ನನಗೆ ಕುತೂಹಲವಿರುವುದು ಹುಸೇನ್ ಖಾನ್ ಎಂಬ ರೋಗಿಯ ಬಗ್ಗೆ. ಸೊಳ್ಳೆ ಪರದೆಯೊಳಗೆ ಮಲಗಿ, ಬೇಕೆಂದೇ ಬಿಟ್ಟ ಸೊಳ್ಳೆಗಳಿಂದ ಕಚ್ಚಿಸಿಕೊಂಡ ಪುಣ್ಯಾತ್ಮ. ಒಂದು ಸೊಳ್ಳೆಗೆ ಒಂದಾಣೆಯಂತೆ ಹತ್ತು ಸೊಳ್ಳೆಗೆ ಹತ್ತಾಣೆ ಎಣಿಸಿಕೊಂಡ. ಇದನ್ನು ಹೇಳಿದ್ದೇ ತಡ, ಮೈಸೂರಿನವನು ತಾನು ಈವರೆಗೆ ಬಿಟ್ಟಿ ಕಚ್ಚಿಸಿಕೊಂಡ ಬಾಬ್ತು ಲೆಕ್ಕ ಹಾಕಲು ಕೂತ. ಪುರಸಭೆಯಿಂದ ಬಡ್ಡಿ ಸಮೇತ ಬರಬೇಕಂತೆ.

ಆ ಲೆಕ್ಕ ಮುಗಿಯಲು ಇರಾನಿ ಹೋಟೆಲೇ ಬೇಕಾಯಿತು. ಡಿಕಾಕ್ಷನ್ ಒಂದು ಪಾತ್ರೆಯಲ್ಲಿ, ಕುದಿದು ಗಟ್ಟಿಯಾದ ಹಾಲು ಇನ್ನೊಂದರಲ್ಲಿ. ಕಪ್ಪಿನಲ್ಲೇ ಎರಡರ ಭೇಟಿ. ಉಸ್ಮಾನಿಯಾ ಬಿಸ್ಕತ್ತನ್ನು ಅದ್ದಿ ತೆಗೆಯುವುದಕ್ಕೆ ಕೈ ಪಳಗಿರಬೇಕು. ಒಂದು ಕ್ಷಣ ಹೆಚ್ಚಾದರೆ ಅರ್ಧ ಬಿಸ್ಕತ್ತು ತಳ ಸೇರುತ್ತದೆ. ಕಡಿಮೆಯಾದರೆ ಅದರ ಉಪ್ಪು-ಸಿಹಿ ಚಹಾಕ್ಕೆ ಒಗ್ಗುವುದಿಲ್ಲ. ಕಲಬುರಗಿಯವನು ಮಾತಾಡುತ್ತಲೇ ಅದ್ದುತ್ತಾನೆ, ಒಂದೂ ಮುಳುಗುವುದಿಲ್ಲ. ಇದಕ್ಕೂ ರಾಜಧಾನಿಯ ಸಂಸ್ಕಾರವೇ ಕಾರಣವೆಂದು ಅವನ ವಾದ.

ಸಂಜೆ ಟ್ಯಾಂಕ್ ಬಂಡ್‌ಗೆ ನಡೆಯಿತು ನಮ್ಮ ಸವಾರಿ. ಅಲ್ಲಿ ತೆಲುಗು ಮಹನೀಯರ ಪ್ರತಿಮೆಗಳ ಸಾಲಿನಲ್ಲಿ ಬಳ್ಳಾರಿ ರಾಘವರೂ ಇದ್ದಾರೆ. ಕನ್ನಡ, ತೆಲುಗು ಎರಡರಲ್ಲೂ ರಂಗವೇರಿದ ನಟ, ಹೊಟ್ಟೆಪಾಡಿಗೆ ವಕೀಲಿಕೆ.

“ಇವರು ನಮ್ಮವರು ಕಣೋ, ಇಲ್ಲಿ ಹೇಗೆ ನಿಂತರು?” ಎಂದ ಮೈಸೂರಿನವನು.

“ವಕೀಲರಲ್ಲೇನಪ್ಪ, ಎರಡೂ ಕಡಿ ವಾದ ಮಾಡ್ತಾರ” ಎಂದ ಕಲಬುರಗಿಯವನು, ಸುಟ್ಟ ಜೋಳದ ತೆನೆಗೆ ನಿಂಬೆಹಣ್ಣು ಉಜ್ಜಿಸಿಕೊಳ್ಳುತ್ತ. “ದುಡ್ಡು ನೀ ಕೊಡು. ಹತ್ತಾಣೆ ಬರೋದೈತಲ್ಲ ನಿನಗ!”